ಡ್ರಾ ವಿರುದ್ಧ ಹಣ ಕಟ್ಟುವುದು ವ್ಯಾಪಾರವೋ, ಜೂಜೋ? ಮೂವತ್ತೊಂದು ಪಂದ್ಯಗಳ ಲೆಕ್ಕ

ಪ್ರಶ್ನೆ — ಶಿರಸಿಯಿಂದ ಲೆಸ್ಟರ್‌ಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ನನಗೆ ಏಳು ವರ್ಷಗಳಾದವು. ನನ್ನ ಕಚೇರಿಯಲ್ಲಿ ಶುಕ್ರವಾರ ಮಧ್ಯಾಹ್ನವಾಯಿತೆಂದರೆ ತಲೆಗೆ ಐದು ಪೌಂಡಿನಂತೆ ಹಾಕಿ, ಮರುದಿನದ ಐದು ಫುಟ್‌ಬಾಲ್ ಪಂದ್ಯಗಳನ್ನು ಒಂದೇ ಚೀಟಿಯಲ್ಲಿ ಪೋಣಿಸಿ 'ಅಕ್ಯುಮುಲೇಟರ್' ಕಟ್ಟುವುದು ವಾಡಿಕೆ; ಐದೂ ಊಹೆಗಳು ಸರಿಯಾದರೆ ಮಾತ್ರ ಹಣ. 5000ಕ್ಕೆ 1ರ ದರವಿದ್ದ ಈ ಊರಿನ ತಂಡ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದದ್ದನ್ನು ಇಲ್ಲಿಯವರು ಇನ್ನೂ ಮೆಲುಕು ಹಾಕುತ್ತಿರುತ್ತಾರೆ. ಆ ನೆನಪು ಹಸಿರಾಗಿರುವ ತನಕ ಇಲ್ಲಿ ಯಾವ ಚೀಟಿಯೂ ಯಾರಿಗೂ ಅಸಾಧ್ಯವೆನಿಸದು. ಮೂರು ವರ್ಷ ನಾನೂ ಅವರೊಡನೆ ಸೇರಿಕೊಂಡಿದ್ದೆ. ಎರಡು ಬಾರಿ ಗೆದ್ದದ್ದು ಚೆನ್ನಾಗಿ ನೆನಪಿದೆ, ಒಟ್ಟು ಎಷ್ಟು ಕಳೆದೆನೆಂಬುದರ ಲೆಕ್ಕ ಮಾತ್ರ ಇಟ್ಟಿಲ್ಲ.

ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ಬೆಟ್ಟಿಂಗ್ ಎಕ್ಸ್‌ಚೇಂಜನ್ನು (ಪಣ ಕಟ್ಟುವವರು ತಮ್ಮತಮ್ಮಲ್ಲೇ ವ್ಯವಹರಿಸುವ ತಾಣವನ್ನು) ಪರಿಚಯಿಸಿ, "ಇದು ಬೆಟ್ಟಿಂಗ್ ಅಲ್ಲ, ಟ್ರೇಡಿಂಗ್" ಎಂದರು. ಅವರು ಕಲಿಸಿದ ಕ್ರಮ ಹೀಗಿದೆ: ಸ್ವಂತ ಮೈದಾನದಲ್ಲಿ ಆಡುವ ಬಲವಾದ ತಂಡದ ಪಂದ್ಯವೊಂದನ್ನು ಆರಿಸಿ, ಆಟ ಶುರುವಾಗುವ ಮುನ್ನ ಡ್ರಾ ಫಲಿತಾಂಶವನ್ನು ಸುಮಾರು 3.50ರ ದರದಲ್ಲಿ (ಗೆದ್ದವನಿಗೆ ಕಟ್ಟಿದ ಪ್ರತಿ ಪೌಂಡಿಗೆ ಅಸಲೂ ಸೇರಿ 3.50 ಪೌಂಡ್) 40 ಪೌಂಡಿಗೆ 'ಲೇ' ಮಾಡುವುದು, ಅಂದರೆ ಡ್ರಾ ಆಗುವುದಿಲ್ಲವೆಂದು ಪಣ ಕಟ್ಟುವುದು. ಆ ಪಂದ್ಯ ಡ್ರಾ ಆಗಿಬಿಟ್ಟರೆ ನನ್ನ ಹೊಣೆ 100 ಪೌಂಡ್. ಬಲವಾದ ತಂಡ ಗೋಲು ಹೊಡೆದರೆ ಡ್ರಾ ದರ 5.00ರ ಆಸುಪಾಸಿಗೆ ಏರುತ್ತದೆ. ಆಗ 28 ಪೌಂಡಿಗೆ ಡ್ರಾವನ್ನು 'ಬ್ಯಾಕ್' ಮಾಡಿ, ಅಂದರೆ ಡ್ರಾ ಆಗುತ್ತದೆಂದು ಪಣ ಕಟ್ಟಿ, ಹೊರಬಂದರೆ ಫಲಿತಾಂಶ ಏನೇ ಆದರೂ 12 ಪೌಂಡ್ ಉಳಿಯುತ್ತದೆ, ಶೇ 5ರ ಕಮಿಷನ್ ಕಳೆದರೆ 11.40. ಎಪ್ಪತ್ತನೆಯ ನಿಮಿಷದವರೆಗೂ ಅಂತಹ ಗೋಲು ಬಾರದಿದ್ದರೆ ನಷ್ಟ ಒಪ್ಪಿಕೊಂಡು ಹೊರಬರಬೇಕು.

ಇದಕ್ಕಾಗಿಯೇ 500 ಪೌಂಡ್ ಬೇರೆ ತೆಗೆದಿಟ್ಟು ಮೂವತ್ತೊಂದು ಪಂದ್ಯಗಳಲ್ಲಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಇಪ್ಪತ್ತಮೂರು ಬಾರಿ ಲಾಭ, ಒಟ್ಟು 262 ಪೌಂಡ್. ಎಂಟು ಬಾರಿ ನಷ್ಟ, ಒಟ್ಟು 208 ಪೌಂಡ್. ಕೈಯಲ್ಲಿ ಉಳಿದದ್ದು 54 ಪೌಂಡ್. ನನ್ನ ತಂದೆ ಶಿರಸಿಯಲ್ಲಿ ಬಹಳ ಕಾಲ ಅಡಿಕೆ ವ್ಯಾಪಾರ ಮಾಡಿದವರು. ಅವರಿಗೆ ಇದನ್ನೆಲ್ಲ ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡು, "ಎಲ್ಲ ಸರಿ, ಸರಕು ಎಲ್ಲಿದೆ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಶಿಸ್ತಿನಿಂದ ಮಾಡುವ ಈ ಕೆಲಸ ಶುಕ್ರವಾರದ ಚೀಟಿಗಿಂತ ಸ್ವಭಾವದಲ್ಲೇ ಬೇರೆಯೋ, ಅಥವಾ ಹೆಸರಷ್ಟೇ ಬೇರೆಯೋ? ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 — ಮ್ಯಾಂಚೆಸ್ಟರ್ ಲೆಕ್ಕಿಗ

ನಿಮ್ಮ ತಂದೆಯವರು ಕೇಳಿದ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ಹನ್ನೊಂದು ವರ್ಷಗಳಿಂದ ಎಕ್ಸ್‌ಚೇಂಜಿನಲ್ಲಿರುವ ನಾನು ಯಾರ ಬಾಯಿಂದಲೂ ಕೇಳಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶುಕ್ರವಾರದ ಚೀಟಿಯನ್ನು ನೋಡೋಣ.

ಬುಕ್‌ಮೇಕರ್, ಅಂದರೆ ಪಣ ಸ್ವೀಕರಿಸುವ ಅಂಗಡಿಯವನು, ಒಂದು ಪಂದ್ಯದ ಗೆಲುವು, ಡ್ರಾ, ಸೋಲುಗಳಿಗೆ 2.10, 3.40, 3.50 ಎಂದು ಮೂರು ದರಗಳನ್ನು ಕೊಟ್ಟನೆಂದುಕೊಳ್ಳಿ. ನೂರನ್ನು ಪ್ರತಿ ದರದಿಂದಲೂ ಭಾಗಿಸಿ ಕೂಡಿದರೆ 100ರ ಬದಲು ಸುಮಾರು 105.6 ಬರುತ್ತದೆ. ನೂರರ ಮೇಲಿನ ಆ ಐದೂವರೆ ಚಿಲ್ಲರೆಯೇ ಅವನ ಅಂಗಡಿ ಬಾಡಿಗೆ, ಜಾಹೀರಾತು, ಲಾಭ ಎಲ್ಲವೂ. ಒಂದೇ ಪಂದ್ಯವಾದರೆ ಇದು ಹೊರಲಾರದ ಹೊರೆಯಲ್ಲ. ಆದರೆ ಐದು ಪಂದ್ಯಗಳನ್ನು ಪೋಣಿಸಿದಾಗ ಆ ಹೊರೆ ಕೂಡುವುದಿಲ್ಲ, ಗುಣಿಸುತ್ತದೆ, 1.056ನ್ನು ಐದು ಬಾರಿ ಗುಣಿಸಿ ನೋಡಿದರೆ ನಿಮ್ಮ ಪ್ರತಿ ಪೌಂಡಿನಲ್ಲಿ ಸರಾಸರಿ 24 ಪೆನ್ಸ್ ಆಟ ಶುರುವಾಗುವ ಮೊದಲೇ ಹೋಗಿರುತ್ತದೆ. ಅಂಗಡಿಗಳ ಕಿಟಕಿಯಲ್ಲಿ ಅಕ್ಯುಮುಲೇಟರ್ ಜಾಹೀರಾತುಗಳೇ ಏಕೆ ರಾರಾಜಿಸುತ್ತವೆ ಎಂಬುದು ಇಷ್ಟರಿಂದ ತಿಳಿಯುತ್ತದೆ.

ಎಕ್ಸ್‌ಚೇಂಜಿನ ಏರ್ಪಾಡು ಬೇರೆ. 2000ದಲ್ಲಿ ಬೆಟ್‌ಫೇರ್ ಎಂಬ ಎಕ್ಸ್‌ಚೇಂಜ್ ಶುರುವಾದಾಗ ಅದರಲ್ಲಿದ್ದ ಹೊಸತನವೆಂದರೆ ಸಂಸ್ಥೆ ತಾನು ಯಾವ ಪಕ್ಷವನ್ನೂ ವಹಿಸದೆ, ಹಣ ಕಟ್ಟುವ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಗೆದ್ದವನ ನಿವ್ವಳ ಲಾಭದಲ್ಲಿ ಮಾತ್ರ ಕಮಿಷನ್ ಪಡೆದದ್ದು. ದರಗಳ ಮೊತ್ತ ಅಲ್ಲಿ ನೂರಕ್ಕೆ ಬಹಳ ಹತ್ತಿರವಿರುತ್ತದೆ. ಸತತವಾಗಿ ಗೆಲ್ಲುವವನ ಖಾತೆಯನ್ನು ಬುಕ್‌ಮೇಕರ್ ಒಂದೆರಡು ಪೌಂಡಿಗೆ ಮಿತಿಗೊಳಿಸಿಬಿಡುತ್ತಾನೆ. ಎಕ್ಸ್‌ಚೇಂಜ್ ಹಾಗೆ ಮಾಡಬೇಕಿಲ್ಲ. (ಹಾಗೆಂದು ಅದು ಧರ್ಮಛತ್ರವಲ್ಲ. ಬಹಳ ಗೆಲ್ಲುವವರಿಂದ 'ಪ್ರೀಮಿಯಂ ಚಾರ್ಜ್' ಎಂಬ ಹೆಚ್ಚುವರಿ ಶುಲ್ಕವನ್ನು ಬೆಟ್‌ಫೇರ್ 2008ರಲ್ಲಿ ಹೇರಿತು, 2011ರಲ್ಲಿ ಅದರ ಮೇಲ್ಮಿತಿಯನ್ನು ಶೇ 60ಕ್ಕೆ ಏರಿಸಿತು.) ಆದ್ದರಿಂದ ಚೀಟಿಯನ್ನು ಬಿಟ್ಟು ಎಕ್ಸ್‌ಚೇಂಜಿಗೆ ಬಂದದ್ದರಿಂದ ನಿಮ್ಮ ಖರ್ಚು ಕಡಿಮೆಯಾದದ್ದು ನಿಜ. ಖರ್ಚು ಕಡಿಮೆಯಾದ ಮಾತ್ರಕ್ಕೆ ಆದಾಯ ಹುಟ್ಟುವುದಿಲ್ಲ. ಹೊಸಬರು ಮುಗ್ಗರಿಸುವುದು ಇಲ್ಲಿಯೇ.

ನಿಮ್ಮ ಕ್ರಮದ ಒಳಗನ್ನು ನೋಡಿ. ಒಮ್ಮೆ ಗೆದ್ದರೆ 11.40, ಒಮ್ಮೆ ಸೋತರೆ ಸರಾಸರಿ 26. ಅಸಲು ಉಳಿಯಬೇಕಾದರೂ ನೂರರಲ್ಲಿ ಎಪ್ಪತ್ತು ಬಾರಿ ಗೆಲ್ಲಬೇಕು. ನೀವು ಗೆದ್ದದ್ದು ಎಪ್ಪತ್ತನಾಲ್ಕು. ಆ ಇಪ್ಪತ್ತಮೂರು ಗೆಲುವುಗಳಲ್ಲಿ ಎರಡೇ ಎರಡು ಪಂದ್ಯಗಳಲ್ಲಿ ಚೆಂಡು ಗೋಲುಕಂಬಕ್ಕೆ ಬಡಿದು ಹಿಂತಿರುಗಿದ್ದರೆ ನಿಮ್ಮ 54 ಪೌಂಡ್ ಲಾಭ 21 ಪೌಂಡ್ ನಷ್ಟವಾಗುತ್ತಿತ್ತು. ಈ ಬಗೆಯ ಪಣದಲ್ಲಿ ಮೂವತ್ತೊಂದು ಪಂದ್ಯಗಳಿಗೆ ಬರೀ ಅದೃಷ್ಟದಿಂದಲೇ 90 ಪೌಂಡಿನಷ್ಟು ಮೇಲೆ ಕೆಳಗೆ ಆಗುವುದು ತೀರ ಸಹಜ. ನಿಮ್ಮ ಲಾಭ ನಿಜವಾದದ್ದೆಂದು ಒಂದಿಷ್ಟು ಧೈರ್ಯದಿಂದ ಹೇಳಲು ಇದೇ ಸರಾಸರಿಯನ್ನು ಸುಮಾರು 350 ಪಂದ್ಯಗಳವರೆಗೆ ಉಳಿಸಿಕೊಳ್ಳಬೇಕಾಗುತ್ತದೆ.

ಗೋಲು ಬಿದ್ದಾಗ ಡ್ರಾ ದರ ಏರುತ್ತದೆ ಎಂಬುದು ನಿಮಗೆ ಮಾತ್ರ ತಿಳಿದ ಗುಟ್ಟಲ್ಲ. ಗೋಲಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಆ ದರ ತುಸುತುಸುವೇ ಇಳಿಯುತ್ತಿರುತ್ತದೆ; ಗೋಲಿನ ನೆಗೆತ ಆ ಇಳಿತಕ್ಕೆ ಸಿಗುವ ಪ್ರತಿಫಲ, ಮತ್ತು 3.50 ಎಂಬ ಮೊದಲ ದರದಲ್ಲೇ ಎರಡೂ ಸೇರಿಕೊಂಡಿರುತ್ತವೆ. ದುರ್ಬಲ ತಂಡವೇ ಮೊದಲು ಗೋಲು ಹೊಡೆದರೆ ಡ್ರಾ ದರ ಏರುವ ಬದಲು ಇದ್ದಲ್ಲೇ ನಿಲ್ಲಬಹುದು, ಇಳಿಯಲೂಬಹುದು. ಹಾಗೆಯೇ 5.00ರಲ್ಲಿ ನೀವು ಹೊರಬರುವುದೂ ಇನ್ನೊಂದು ಪಣವೇ. ಆ ಕ್ಷಣದಲ್ಲಿ 5.00 ಸರಿಯಾದ ದರವಾಗಿದ್ದರೆ ಹೊರಬಂದದ್ದರಿಂದ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಏರಿಳಿತ ತಗ್ಗಿತು, ಅಷ್ಟೆ.

ಇನ್ನು ಸರಕಿನ ವಿಷಯ. ಈ ವ್ಯವಹಾರದಲ್ಲಿ ಸರಕೆಂದರೆ ತಪ್ಪಾಗಿ ನಿಂತಿರುವ ದರ, ಬೇರೇನೂ ಅಲ್ಲ. 3.50 ಎಂದು ಮಾರುಕಟ್ಟೆ ಹೇಳುತ್ತಿರುವಾಗ ನ್ಯಾಯವಾದ ದರ 3.80 ಎಂದು ನಿಮಗೆ ಕಾರಣಸಹಿತ ಗೊತ್ತಿದ್ದರೆ ನಿಮ್ಮ ಗೋದಾಮಿನಲ್ಲಿ ಸರಕು ಇದೆ. ಗೊತ್ತಿಲ್ಲದಿದ್ದರೆ ಗೋದಾಮು ಖಾಲಿ, ಬೋರ್ಡು ಮಾತ್ರ ಹೊಸದು. ಅದೂ ಅಡಿಕೆಯಂತಲ್ಲ. ದರ ಬಿದ್ದ ವರ್ಷ ಅಡಿಕೆಯನ್ನು ಮಳೆಗಾಲ ದಾಟಿಸಿ ಇಟ್ಟುಕೊಳ್ಳಬಹುದು, ಈ ಸರಕು ತೊಂಬತ್ತು ನಿಮಿಷಗಳಲ್ಲಿ ಕೊಳೆತುಹೋಗುತ್ತದೆ.

ಆ ಸರಕನ್ನು ಹುಡುಕುತ್ತಿರುವವರು ಯಾರು ಯಾರೆಂದು ಸ್ವಲ್ಪ ಯೋಚಿಸಿ. ಗೋಲುಗಳ ಸಂಖ್ಯೆಯನ್ನು ಪ್ವಾಸಾನ್ ವಿತರಣೆ ಎಂಬ ಸಂಭವನೀಯತೆಯ ಸೂತ್ರದಿಂದ ಅಂದಾಜಿಸಿ, 0-0 ಮತ್ತು 1-1ರಂತಹ ಸಣ್ಣ ಅಂಕಗಳಿಗೆ ತಿದ್ದುಪಡಿ ಸೇರಿಸುವ ವಿಧಾನವನ್ನು ಡಿಕ್ಸನ್ ಮತ್ತು ಕೋಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1997ರಲ್ಲೇ ಪ್ರಕಟಿಸಿದರು. ಡ್ರಾ ದರ ಇಂತಹವರ ಕೈಯಲ್ಲಿ ಹದವಾಗಿ ಇಷ್ಟು ವರ್ಷಗಳಾಗಿವೆ. ಬ್ರೈಟನ್ ಫುಟ್‌ಬಾಲ್ ಕ್ಲಬ್ಬಿನ ಒಡೆಯ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್ ಕ್ಲಬ್ಬಿನ ಒಡೆಯ ಮ್ಯಾಥ್ಯೂ ಬೆನ್‌ಹ್ಯಾಮ್ ಇಬ್ಬರೂ ಫುಟ್‌ಬಾಲ್ ಬೆಟ್ಟಿಂಗಿನಿಂದಲೇ ಮೇಲೆ ಬಂದವರು, ಮತ್ತು ಇಬ್ಬರ ಹಿಂದೆಯೂ ಪಂದ್ಯಗಳನ್ನು ವಿಶ್ಲೇಷಿಸುವ ಪೂರ್ಣಾವಧಿಯ ಸಿಬ್ಬಂದಿಯುಳ್ಳ ಸಂಸ್ಥೆಗಳಿವೆ. ಇಂತಹ ಗಣಿತದ ಮಾದರಿಗಳಲ್ಲಿ ಪರಿಣತಿ ಇಲ್ಲದವರಿಗೆ ಉಳಿದಿರುವ ದಾರಿ ವೇಗ ಎಂದು ಕೆಲವರು ಹೇಳುತ್ತಾರೆ. ಆದರೆ ಆಟ ನಡೆಯುವಾಗ ಎಕ್ಸ್‌ಚೇಂಜ್ ನಿಮ್ಮ ಆದೇಶವನ್ನು ಕೆಲವು ಸೆಕೆಂಡು ತಡೆಹಿಡಿಯುತ್ತದೆ, ನಿಮ್ಮ ಟಿವಿ ಅದಕ್ಕೂ ಹಿಂದಿರುತ್ತದೆ, ಮೈದಾನದಲ್ಲೇ ಕುಳಿತು ಫೋನ್ ಒತ್ತುವವನು ಇಬ್ಬರಿಗೂ ಮುಂದಿರುತ್ತಾನೆ.

ಹಾಗಾದರೆ ಶಿಸ್ತಿಗೆ ಬೆಲೆಯೇ ಇಲ್ಲವೇ? ಇದೆ, ಅದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ಮೊದಲ ವರ್ಷದ ಒಂದು ಮಂಗಳವಾರ ರಾತ್ರಿ ಎಪ್ಪತ್ತನೆಯ ನಿಮಿಷದಲ್ಲಿ 30 ಪೌಂಡ್ ಬಿಟ್ಟು ಏಳಬೇಕಾಗಿದ್ದವನು, ಬಲವಾದ ತಂಡ ಒಂದೇ ಸಮನೆ ದಾಳಿ ಮಾಡುತ್ತಿದೆಯಲ್ಲ ಎಂದು ಕುಳಿತೆ, ಎಂಬತ್ತನೆಯ ನಿಮಿಷದಲ್ಲಿ ಪಣವನ್ನು ಹೆಚ್ಚಿಸಿದೆ, ಕೊನೆಗೆ 240 ಪೌಂಡ್ ಕಳೆದುಕೊಂಡೆ. ಮನೆಯವಳು ಮಹಡಿಯಿಂದ ಇಳಿದು ಬಂದು, "ಊಟಕ್ಕೆ ಏಳುವುದಿಲ್ಲವೇ?" ಎಂದು ಕೇಳಿದ್ದಕ್ಕೆ ಸಿಡುಕಿದೆ, ಹಣಕ್ಕಿಂತ ಆ ಸಿಡುಕೇ ಇಂದಿಗೂ ಚುಚ್ಚುತ್ತದೆ. ಶಿಸ್ತು ತಡೆಯುವುದು ಇಂತಹ ರಾತ್ರಿಗಳನ್ನು. ಇಲ್ಲದ ಸರಕನ್ನು ಅದು ಸೃಷ್ಟಿಸಲಾರದು, ಇರುವ ಅಸಲನ್ನು ಒಂದೇ ಸಂಜೆಯಲ್ಲಿ ಕಳೆಯದಂತೆ ಮಾತ್ರ ನೋಡಿಕೊಳ್ಳುತ್ತದೆ.

ನೀವು ಮಾಡಬಹುದಾದ ಪರೀಕ್ಷೆಯೊಂದಿದೆ. ನೀವು ಲೇ ಮಾಡಿದ ದರವನ್ನೂ ಆಟ ಶುರುವಾಗುವ ಕ್ಷಣದ ದರವನ್ನೂ ಅಕ್ಕಪಕ್ಕ ಬರೆದಿಡಿ. ಆಟಗಾರರ ಪಟ್ಟಿ ಹೊರಬಿದ್ದು, ದೊಡ್ಡ ಹಣವೆಲ್ಲ ಒಳಬಂದ ಮೇಲಿನ ಆ ಕೊನೆಯ ದರ ಮಾರುಕಟ್ಟೆಯ ಅತ್ಯಂತ ಹದವಾದ ಅಂದಾಜು. ನೀವು 3.50ಕ್ಕೆ ಲೇ ಮಾಡಿದ್ದು ಕೊನೆಯಲ್ಲಿ 3.60 ಆಗುತ್ತಿದ್ದರೆ, ಅದೂ ಹೆಚ್ಚಿನ ಪಂದ್ಯಗಳಲ್ಲಿ ಆಗುತ್ತಿದ್ದರೆ, ನಿಮ್ಮ ಆಯ್ಕೆಯಲ್ಲಿ ಏನೋ ಇದೆ. 3.40ಕ್ಕೆ ಇಳಿಯುತ್ತಿದ್ದರೆ ಗೆದ್ದ ಪಂದ್ಯಗಳನ್ನೂ ಅದೃಷ್ಟದ ಖಾತೆಗೇ ಬರೆಯಿರಿ.

ಇನ್ನೊಂದು ಮಾತು. 500ರ ಅಸಲಿನಲ್ಲಿ 100ರ ಹೊಣೆ ಬಹಳ ಹೆಚ್ಚಾಯಿತು. ಎಪ್ಪತ್ತನೆಯ ನಿಮಿಷಕ್ಕೆ ಸಣ್ಣ ನಷ್ಟದಲ್ಲಿ ಹೊರಬರುತ್ತೇನೆ ಎಂಬುದು ನಿಮ್ಮ ಸಂಕಲ್ಪ, ಮಾರುಕಟ್ಟೆ ಕೊಟ್ಟ ಭರವಸೆಯಲ್ಲ. ಗೋಲು, ಪೆನಾಲ್ಟಿ, ವಿಎಆರ್ (ವಿಡಿಯೊ ನೋಡಿ ತೀರ್ಪು ಕೊಡುವ) ತಪಾಸಣೆಯ ಹೊತ್ತಿನಲ್ಲಿ ಮಾರುಕಟ್ಟೆ ಮುಚ್ಚಿಕೊಂಡು, ತೆರೆದಾಗ ದರ ಇನ್ನೆಲ್ಲೋ ಇರುತ್ತದೆ.

ಉತ್ತರ 2 — ಶನಿವಾರದ ಚೀಟಿ

ಲೆಕ್ಕಿಗರ ಗಣಿತಕ್ಕೆ ನನ್ನ ತಕರಾರಿಲ್ಲ. ಚೀಟಿ ಕಟ್ಟುವವರ ಪರವಾಗಿ ಒಂದು ಮಾತು ಮಾತ್ರ ಹೇಳಬೇಕೆನಿಸುತ್ತದೆ. ನಾನು ವಾರಕ್ಕೆ ಎರಡು ಪೌಂಡಿನ ಒಂದು ಅಕ್ಯುಮುಲೇಟರ್ ಕಟ್ಟುತ್ತೇನೆ. ಪೌಂಡಿಗೆ 24 ಪೆನ್ಸ್ ಹೋಗುತ್ತದೆ ಎಂದರೆ ವಾರಕ್ಕೆ ಅರ್ಧ ಪೌಂಡಿಗೂ ಕಡಿಮೆ ಬೆಲೆಯಲ್ಲಿ, ಬೇರೆ ಸಂದರ್ಭದಲ್ಲಿ ನಾನು ಕಣ್ಣೆತ್ತಿಯೂ ನೋಡದ ಐದು ಪಂದ್ಯಗಳ ಅಂಕಗಳನ್ನು ಕಾತರದಿಂದ ನೋಡುತ್ತೇನೆ. ನಮ್ಮೂರಲ್ಲಿ ದೀಪಾವಳಿಯ ರಾತ್ರಿ ಹಿರಿಯರು ಇಸ್ಪೀಟಿಗೆಂದು ಇಷ್ಟು ಚಿಲ್ಲರೆಯನ್ನು ತೆಗೆದಿಟ್ಟು, ಅದು ಮುಗಿದ ಕೂಡಲೇ ಚಾಪೆ ಬಿಟ್ಟು ಏಳುತ್ತಿದ್ದರು. ಅವರು ಅದನ್ನು ವ್ಯಾಪಾರವೆಂದು ಕರೆದದ್ದನ್ನು ನಾನು ಕೇಳಿಲ್ಲ.

ಪ್ರಶ್ನೆ ಕೇಳಿದವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಮೂವತ್ತೊಂದು ಪಂದ್ಯಗಳಿಗೆ ತಲಾ ಎರಡು ಗಂಟೆ ಎಂದರೆ ಅರವತ್ತೆರಡು ಗಂಟೆಗಳ ದುಡಿಮೆಗೆ 54 ಪೌಂಡ್, ಅಂದರೆ ಗಂಟೆಗೆ 87 ಪೆನ್ಸ್. ಈ ದೇಶದಲ್ಲಿ 2025ರ ಏಪ್ರಿಲ್‌ನಲ್ಲಿ ವಯಸ್ಕರಿಗೆ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಅಸಲನ್ನು ದೊಡ್ಡದು ಮಾಡಿದರೆ ಕೂಲಿಯೂ ದೊಡ್ಡದಾಗುತ್ತದಲ್ಲ ಎಂದು ಅನಿಸಬಹುದು. ಆ ಅನಿಸಿಕೆಯ ಬಗ್ಗೆಯೇ ನನಗೆ ಭಯ. ನನ್ನ ಎರಡು ಪೌಂಡ್ ಎಂದೂ ಇನ್ನೂರಾಗಲು ಹಂಬಲಿಸಿಲ್ಲ, ಏಕೆಂದರೆ ಅದು ತನ್ನನ್ನು ತಾನು ಬಂಡವಾಳವೆಂದು ತಿಳಿದಿಲ್ಲ.

ಉತ್ತರ 3 — ಕರಡುಪ್ರತಿ, ಲಂಡನ್

'ಟ್ರೇಡಿಂಗ್' ಎಂಬ ಪದದ ಬಗ್ಗೆ ಕಾನೂನಿನ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಕುದುರೆ ಜೂಜಿನಿಂದಲೇ ಜೀವನ ಸಾಗಿಸುತ್ತಿದ್ದ ವ್ಯಕ್ತಿಯೊಬ್ಬನ ಆದಾಯಕ್ಕೆ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ ಗ್ರಹಾಂ ವಿರುದ್ಧ ಗ್ರೀನ್ ಎಂಬ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದಾಗ, ಎಷ್ಟೇ ಕ್ರಮಬದ್ಧವಾಗಿ ಪಣ ಕಟ್ಟಿದರೂ ಅದು ವ್ಯಾಪಾರ ಎನಿಸುವುದಿಲ್ಲವೆಂದು 1925ರಲ್ಲಿ ತೀರ್ಪಾಯಿತು. ಗೆದ್ದ ಹಣಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲದಿರುವುದು ಆ ದೃಷ್ಟಿಯಿಂದಲೇ. ಸೋತದ್ದನ್ನು ಬೇರೆ ಆದಾಯದಿಂದ ಕಳೆಯುವಂತಿಲ್ಲ ಎಂಬುದು ಅದೇ ನಾಣ್ಯದ ಇನ್ನೊಂದು ಮುಖ. ಎಕ್ಸ್‌ಚೇಂಜುಗಳಿಗೆ ಪರವಾನಗಿ ಕೊಡುವುದೂ 2005ರ ಜೂಜು ಕಾಯ್ದೆಯ ಅಡಿಯಲ್ಲಿ ಗ್ಯಾಂಬ್ಲಿಂಗ್ ಕಮಿಷನ್, ಷೇರುಪೇಟೆಯನ್ನು ನೋಡಿಕೊಳ್ಳುವ ಪ್ರಾಧಿಕಾರವಲ್ಲ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ ಎಂಬುದನ್ನು 'ಫುಟ್‌ಬಾಲ್ ಇಂಡೆಕ್ಸ್' ತೋರಿಸಿಕೊಟ್ಟಿತು. 2015ರಲ್ಲಿ ಶುರುವಾದ ಆ ಸಂಸ್ಥೆ ತನ್ನನ್ನು ಫುಟ್‌ಬಾಲ್ ಷೇರುಪೇಟೆ ಎಂದು ಕರೆದುಕೊಂಡು, ಆಟಗಾರರ 'ಷೇರು'ಗಳನ್ನು ಮಾರಿ, 'ಡಿವಿಡೆಂಡ್' ಹಂಚುತ್ತಿತ್ತು. ಕಾನೂನಿನ ಕಣ್ಣಿನಲ್ಲಿ ಆ ಷೇರುಗಳು ಮೂರು ವರ್ಷದ ಅವಧಿಯ ಬೆಟ್‌ಗಳು. 2021ರ ಮಾರ್ಚ್‌ನಲ್ಲಿ ಡಿವಿಡೆಂಡ್ ಕಡಿತ ಘೋಷಣೆಯಾಗಿ ಬೆಲೆಗಳು ಕುಸಿದವು, ಅದೇ ತಿಂಗಳು ಪರವಾನಗಿ ಅಮಾನತಾಯಿತು, ಗ್ರಾಹಕರ ಕೋಟ್ಯಂತರ ಪೌಂಡ್ ಸಿಕ್ಕಿಹಾಕಿಕೊಂಡಿತು. ನಾವು ಹೂಡಿಕೆದಾರರು ಎಂದು ನಂಬಿದ್ದ ಜನರಿಗೆ ಹೂಡಿಕೆದಾರರಿಗಿರುವ ಪರಿಹಾರ ನಿಧಿಯ ರಕ್ಷಣೆ ಇರಲಿಲ್ಲ.

ಊರಿನಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದದ ಮೇಲೆ ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ವಿದೇಶಿ ವಿನಿಮಯದ 2000ದ ನಿಯಮಗಳಲ್ಲಂತೂ ಭಾರತದಿಂದ ಹಣ ಕಳುಹಿಸಬಾರದ ಬಾಬತ್ತುಗಳ ಪಟ್ಟಿಯಲ್ಲಿ ಲಾಟರಿ ಚೀಟಿಯ ಜೊತೆಯಲ್ಲೇ 'ಫುಟ್‌ಬಾಲ್ ಪೂಲ್ಸ್' (ಪಂದ್ಯಗಳ ಫಲಿತಾಂಶದ ಮೇಲಿನ ಸಾಮೂಹಿಕ ಪಣ) ಎಂದು ಹೆಸರಿಸಿಯೇ ಬರೆದಿದ್ದಾರೆ. ಆದ್ದರಿಂದ ಲೆಸ್ಟರ್‌ನವರು ತಮ್ಮ ಕ್ರಮವನ್ನು ಊರಿನ ಸ್ನೇಹಿತರಿಗೆ ಕಲಿಸಲು ಹೋಗದಿರುವುದು ಲೇಸು.

ಪ್ರಶ್ನೆ ಕೇಳಿದವರು — ಶಿರಸಿಯಿಂದ ಲೆಸ್ಟರ್‌ಗೆ

ಮೂವರಿಗೂ ಕೃತಜ್ಞನಾಗಿದ್ದೇನೆ. ಲೆಕ್ಕಿಗರು ಹೇಳಿದ ಪರೀಕ್ಷೆಯನ್ನು ನಿನ್ನೆ ರಾತ್ರಿ ಕುಳಿತು ಮಾಡಿದೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ಪಂದ್ಯಗಳಿಗೆ ಮಾತ್ರ ಆಟ ಶುರುವಾಗುವ ಹೊತ್ತಿನ ದರವನ್ನು ಬರೆದಿಟ್ಟುಕೊಂಡಿದ್ದೆ, ಅದೂ ಆಕಸ್ಮಿಕವಾಗಿ. ಏಳರಲ್ಲಿ ದರ ನಾನು ಲೇ ಮಾಡಿದ್ದಕ್ಕಿಂತ ಮೇಲೆ ಹೋಗಿತ್ತು, ಹನ್ನೊಂದರಲ್ಲಿ ಕೆಳಗಿಳಿದಿತ್ತು, ಒಂದರಲ್ಲಿ ಬದಲಾಗಿರಲಿಲ್ಲ. ಕೆಳಗಿಳಿದ ಹನ್ನೊಂದರಲ್ಲಿ ಎಂಟು ನಾನು ಲಾಭ ಮಾಡಿದ ಪಂದ್ಯಗಳು. ಅವುಗಳನ್ನು ಹಸಿರು ಶಾಯಿಯಲ್ಲಿ ಗುರುತು ಹಾಕಿದ್ದೆ; ಈಗ ಆ ಪುಟವನ್ನು ನೋಡಲು ಮುಜುಗರವಾಗುತ್ತದೆ.

ತಂದೆಯವರಿಗೆ ಫೋನ್ ಮಾಡಿ, ಸರಕೆಂದರೆ ತಪ್ಪಾಗಿ ನಿಂತ ದರವಂತೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದರ ತಪ್ಪಿದೆ ಎಂದು ಮಂಡಿಯಲ್ಲಿ ಎಲ್ಲರಿಗಿಂತ ಮೊದಲು ನಿನಗೆ ಯಾಕೆ ಗೊತ್ತಾಗಬೇಕು?" ಎಂದರು. ಇದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಸದ್ಯಕ್ಕೆ ಖಾತೆಯಿಂದ 450 ಪೌಂಡ್ ಹಿಂತೆಗೆದಿದ್ದೇನೆ. ಉಳಿದದ್ದರಲ್ಲಿ ಒಂದು ಪಂದ್ಯಕ್ಕೆ ಎರಡು ಪೌಂಡಿಗಿಂತ ಹೆಚ್ಚಿನ ಹೊಣೆ ಹೊರುವುದಿಲ್ಲ. ನನಗೆ ಈಗ ಬೇಕಾಗಿರುವುದು ಹಳೆಯ ಪಂದ್ಯಗಳ ದರಗಳು. ಹಣ ಹಾಕದೆಯೇ ಈ ಕ್ರಮವನ್ನು ನೂರಾರು ಪಂದ್ಯಗಳ ಮೇಲೆ ಪರೀಕ್ಷಿಸಲು ಸಾಧ್ಯವೇ?

ಉತ್ತರ 4 — ಮ್ಯಾಂಚೆಸ್ಟರ್ ಲೆಕ್ಕಿಗ

ಸಾಧ್ಯವಿದೆ. ಬೆಟ್‌ಫೇರ್ ತನ್ನ ಹಳೆಯ ಮಾರುಕಟ್ಟೆಗಳ ದರಗಳನ್ನು ಇಳಿಸಿಕೊಳ್ಳಲು ಕೊಡುತ್ತದೆ. ನಿಮಿಷಕ್ಕೊಂದು ದರವಿರುವ ಮೂಲ ಕಡತಗಳೇ ನಿಮ್ಮ ಕೆಲಸಕ್ಕೆ ಸಾಕು. ಪಂದ್ಯಗಳನ್ನು ಆರಿಸುವ ನಿಯಮವನ್ನು ಕಡತ ತೆರೆಯುವ ಮುನ್ನವೇ ಕಾಗದದ ಮೇಲೆ ಬರೆದು ಮುಗಿಸಿ. ಅಂಕಿಗಳನ್ನು ನೋಡುತ್ತಾ ನಿಯಮವನ್ನು ತಿದ್ದಿದರೆ ಯಾವ ಕ್ರಮವೂ ಲಾಭದಲ್ಲೇ ಕಾಣುತ್ತದೆ. 2023-24ರ ಒಂದೇ ಋತುವನ್ನು ನೆಚ್ಚಬೇಡಿ. ಆ ವರ್ಷ ಪ್ರೀಮಿಯರ್ ಲೀಗಿನ 380 ಪಂದ್ಯಗಳಲ್ಲಿ ದಾಖಲೆಯ 1246 ಗೋಲುಗಳು ಬಂದಿದ್ದವು, ಡ್ರಾ ವಿರುದ್ಧ ಪಣ ಕಟ್ಟಿದವರೆಲ್ಲ ಆಗ ಜಾಣರಾಗಿಯೇ ಕಂಡಿರುತ್ತಾರೆ. ಹೊರಬರುವ ದರವನ್ನು ಗೋಲು ಬಿದ್ದ ನಿಮಿಷದ್ದಲ್ಲದೆ ಅದರ ಮುಂದಿನ ನಿಮಿಷದ್ದೆಂದು ಹಿಡಿಯಿರಿ, ಕಮಿಷನ್ ಕಳೆಯಿರಿ. ಫಲಿತಾಂಶ ಬಂದ ಮೇಲೆ, ಅದು ಹೇಗೇ ಇರಲಿ, ಇಲ್ಲಿ ಬರೆಯಿರಿ. ನಿಮ್ಮ ತಂದೆಯವರು ಏನೆಂದರು ಎಂಬುದನ್ನೂ ಬರೆಯಿರಿ.